ಬಾಯಿ ಬಿಡದ ಕಲ್ಲು

ತೊಮಕೊಮಾಯ್ ಬಂದರು.
ಕಾಗದದ ಕಾರ್ಖಾನೆಯ ಕೆಂಪು-ಬಿಳಿ ಚಿಮಣಿ
ಸೊಂಟದವರೆಗೆ ಮಂಜಿನಲ್ಲಿ ಮುಳುಗಿ ನಿಂತಿದೆ.
ನನ್ನ ಕೆಲಸ ಕಿವಿಗೊಡುವುದು.

ಎಣ್ಣೆ ಶುದ್ಧೀಕರಣದ ಗೋಡೆಯಾಚೆ ಹಿಡಿದದ್ದು,
ಇಂಗಾಲದ ಡೈಆಕ್ಸೈಡು,
ಸೋಡಾ ಬಾಟಲಿಯ ಬಾಯಲ್ಲಿ ಮೂಗಿಗೆ ಚುರ್ರೆನ್ನುತ್ತದಲ್ಲ, ಅದೇ.
ಹಿಂಡಿ, ಒತ್ತಿ, ಹೆಚ್ಚುಕಮ್ಮಿ ನೀರಿನಷ್ಟು ದಪ್ಪ ಮಾಡಿ
ಕಡಲ ತಳದಿಂದಲೂ ಸಾವಿರ ಮೀಟರು ಕೆಳಗೆ
ಮರಳುಗಲ್ಲಿಗೆ ಇಳಿಸಿದ್ದೇವೆ.

‘ಕೆಳಗೆ ಗುಹೆ ಇದೆಯಾ?’ ಶಾಲೆಯ ಮಕ್ಕಳು ಕೇಳುತ್ತಾರೆ.
ಗುಹೆಯಲ್ಲ ಮರಿ, ಕಲ್ಲೇ.
ಕಣಕಣದ ಸಂದಿಯಲ್ಲಿ ಹಳೆಯ ಉಪ್ಪುನೀರು ಕೂತಿದೆ.
ತುಸು ಸರಿಯಪ್ಪಾ ಎಂದು ಜಾಗ ಕೇಳುವುದು,
ತುಂಬಿದ ಬಸ್ಸಿನಲ್ಲಿ ಕೇಳುವ ಹಾಗೆ.
ಮೇಲೆ ಮುಚ್ಚಳ: ಕೆಸರುಗಲ್ಲು.
ಅದರದೊಂದು ತುಂಡು ನನ್ನ ಮೇಜಿನ ಮೇಲಿದೆ.
ಬೂದು ಬಣ್ಣ. ನಾಲಗೆ ತಾಗಿಸಿದರೆ ಅಂಟಿಕೊಳ್ಳುತ್ತದೆ.
ತಾಗಿಸಿದ್ದೇನೆ, ಯಾರೂ ಇಲ್ಲದಾಗ.

‘ಸುಗಾ-ಸಾನ್, ತೇಗಿದರೆ?’

ಪ್ರತಿ ಸಭೆಯಲ್ಲೂ ಕೊನೆಯ ಸಾಲಿನಿಂದ ಅದೊಂದೇ ಪ್ರಶ್ನೆ.
ಹಮಾಯಾ ತೋಕಿಜಿ, ವಯಸ್ಸು ಎಪ್ಪತ್ತೊಂದು,
ಕಡಲಡಿಯ ಮರಳು ಬಾಚಿ ಹೊಕ್ಕಿ ಚಿಪ್ಪು ಹಿಡಿಯುವವನು.
ನಾನು ನಕ್ಷೆ ತೋರಿಸುತ್ತೇನೆ, ಒತ್ತಡದ ಗೆರೆ ತೋರಿಸುತ್ತೇನೆ.
ಆತ ಟೋಪಿ ತಿರುಗಿಸುತ್ತ
ಗೆರೆ ಬಿಟ್ಟು ನನ್ನ ಮುಖ ನೋಡುತ್ತಾನೆ,
ದೋಣಿ ಬಿಡುವ ಮುಂಚೆ ಆಕಾಶ ನೋಡುವ ಹಾಗೆ.

ಕಡಲ ತಳದ ಯಂತ್ರಗಳಿಗೆ ಎಲ್ಲ ಕೇಳುತ್ತದೆ.
ರಾತ್ರಿಪಾಳಿಯ ರಿನ್‌ಪೇ ಹೆಸರಿಟ್ಟಿದ್ದಾನೆ ಒಂದೊಂದಕ್ಕೂ:
ಸೆಂದಾಯಿಗೆ ಹೋಗುವ ಹಡಗು, ಗೊರಕೆ ಮಾವ.
ಚಿಪ್ಪು ಬಾಚುವ ಕಬ್ಬಿಣದ ಹಲ್ಲು, ಹಮಾಯಾ ಅಜ್ಜನ ಬಾಚಣಿಗೆ.
ಕಲ್ಲಿನ ಸದ್ದಿಗೆ ಹೆಸರಿಟ್ಟಿಲ್ಲ, ಅದಿನ್ನೂ ಬಂದಿಲ್ಲ.
ಬಾರದ ಸದ್ದಿಗೆ ಕಾಯುವುದಕ್ಕೆ
ನನಗೆ ಸಂಬಳ.

ಒಂದು ರಾತ್ರಿ ನೆಲ ನಡುಗಿತು.
ಕಪಾಟು ಬಿತ್ತು, ಊರಿಗೂರೇ ದೀಪ ಆರಿತು.
ಮೊದಲ ಫೋನು ಅಕ್ಕನದಲ್ಲ, ಪತ್ರಿಕೆಯವನದು:
‘ಇದು ನಿಮ್ಮದೇನಾ?’
ಬ್ಯಾಟರಿ ಬೆಳಕಲ್ಲಿ ಗೆರೆ ನೋಡಿದೆ.
ಕಣ್ಣರೆಪ್ಪೆಯಷ್ಟು ಅದುರಿ ಮತ್ತೆ ಮೊದಲಿನಂತೆ ಮಲಗಿದೆ.
ನಡುಕ ಹುಟ್ಟಿದ್ದು ಬೇರೆ ಕಡೆ, ಬಹಳ ಆಳದಲ್ಲಿ.
‘ನಮ್ಮದಲ್ಲ’ ಎಂದೆ.
ನಿಜವೇ ಅದು. ಆದರೂ ಬಾಯಿ ಒಣಗಿತ್ತು,
ಕದ್ದವರ ಬಾಯಿ ಒಣಗುವ ಹಾಗೆ.
ನಿಜಕ್ಕೂ ಸುಳ್ಳಿಗೂ ಇರುವುದು ಒಂದೇ ನಾಲಗೆ.

ಮೂರನೆಯ ದಿನ, ಇನ್ನೂ ಕರೆಂಟಿಲ್ಲ,
ಹಮಾಯಾ ಬಾಗಿಲಿಗೆ ಬಂದ, ಕೈಯಲ್ಲಿ ಬಕೆಟ್ಟು.
‘ಫ್ರಿಜ್ಜು ಸತ್ತಿದೆ, ಮಾರಲಾಗದು, ತಗೋ.’
ಕೂತು ಒಂದೊಂದೇ ಎತ್ತಿ ತೋರಿಸಿದ.
‘ಬದುಕಿದ್ದರೆ ಬಾಯಿ ಮುಚ್ಚಿರುತ್ತದೆ. ಸತ್ತರೆ ಬಿಟ್ಟುಕೊಳ್ಳುತ್ತದೆ.’
ಒಂದು ಅರೆತೆರೆದಿತ್ತು. ಉಗುರಿನಿಂದ ತಟ್ಟಿದ.
ಕಾದೆವು.
ನಿಧಾನ, ಬಲು ನಿಧಾನ, ಮುಚ್ಚಿಕೊಂಡಿತು.
‘ಇದು ಯೋಚಿಸುತ್ತಿತ್ತು’ ಎಂದ.
ಆಮೇಲೆ, ಬೂಟು ಹಾಕಿಕೊಳ್ಳುತ್ತ, ನನ್ನತ್ತ ತಿರುಗದೆ:
‘ನಿನ್ನ ಕಲ್ಲು ಬದುಕಿದೆಯೋ, ಸತ್ತಿದೆಯೋ?’

ವರದಿಯಲ್ಲಿ ಆ ಪ್ರಶ್ನೆಗೆ ಕಾಲಂ ಇಲ್ಲ.
ಅನುದಾನ ಮಾರ್ಚಿಗೆ ಮುಗಿಯುತ್ತದೆ.
ಕಲ್ಲಿಗೆ ಮಾರ್ಚ್ ಗೊತ್ತಿಲ್ಲ.
ಸಾವಿರ ವರ್ಷ ಹೊಟ್ಟೆಯಲ್ಲಿಟ್ಟುಕೋ ಎಂದು
ಗುಟ್ಟು ಹೇಳಿ ಎದ್ದು ಹೋಗುವವರು ನಾವು,
ಆಣೆ ಕೂಡ ಹಾಕಿಸಿಕೊಳ್ಳದೆ.

ಚಿಪ್ಪುಗಳನ್ನು ಬೇಯಿಸಲು ಮನಸ್ಸಾಗಲಿಲ್ಲ.
ಉಪ್ಪುನೀರಲ್ಲಿ ಹಾಕಿ, ಮೇಲೆ ಪತ್ರಿಕೆ ಹೊದಿಸಿ, ಮಲಗಿದೆ.
ಕತ್ತಲ ಅಡುಗೆಮನೆಯಲ್ಲಿ
ಚಿಳ್ಳೆಂದು ಏನೋ ಉಗುಳಿತು.
ಎದ್ದು ಕೂತೆ. ಟಾರ್ಚು ಹಚ್ಚಿ ಪುಸ್ತಕದಲ್ಲಿ ಬರೆದುಕೊಂಡೆ:
ಎರಡು ನಲವತ್ತು. ಸದ್ದು ಒಂದು.
ಮೂಲ, ಚಿಪ್ಪು.